ರೈತನೂ ಅಲ್ಲ, ಭೂಮಿ ಇಲ್ಲದವನೂ ಅಲ್ಲ: ಮಲೆನಾಡಿನ ಪದವಿ ವಿದ್ಯಾರ್ಥಿಗಳ ಪರವಾಗಿ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಉನ್ನತ ಶಿಕ್ಷಣ ಸಚಿವರು, ಕರ್ನಾಟಕ ಸರ್ಕಾರ
ಹಾಗೂ ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ, ಕೃಷಿ ಮತ್ತು ಕಂದಾಯ ಇಲಾಖೆಗಳ ಮಾನ್ಯ ಸಚಿವರು

ವಿಷಯ: ಸರ್ಕಾರಿ ಕಾಲೇಜುಗಳ ಪದವಿ ವಿದ್ಯಾರ್ಥಿಗಳಿಗೆ ನೆರವಿನ ಹಣ ಹಂಚುತ್ತಿರುವ ರೀತಿಯ ಬಗ್ಗೆ

ಮಾನ್ಯರೇ,

ತೀರ್ಥಹಳ್ಳಿ ಪೇಟೆಯಲ್ಲಿ ನಾನು ಜೆರಾಕ್ಸ್ ಮತ್ತು ಕಂಪ್ಯೂಟರ್ ಅಂಗಡಿ ಇಟ್ಟುಕೊಂಡಿದ್ದೇನೆ. ಕಾಲೇಜು ಶುರುವಾದ ಮೇಲೆ ನನ್ನ ಅಂಗಡಿಯಲ್ಲಿ ನಡೆಯುವ ದೊಡ್ಡ ಕೆಲಸ ಅಂದರೆ ಸ್ಕಾಲರ್‌ಶಿಪ್ ಅರ್ಜಿ ತುಂಬುವುದು. ತೀರ್ಥಹಳ್ಳಿ, ಹೊಸನಗರ, ಕೊಪ್ಪ ಸುತ್ತಿನ ಹಳ್ಳಿಗಳಿಂದ ಮಕ್ಕಳು ಬರುತ್ತಾರೆ. ಹೆಚ್ಚಿನವರು ಕುವೆಂಪು ವಿಶ್ವವಿದ್ಯಾಲಯದ ವ್ಯಾಪ್ತಿಯ ಸರ್ಕಾರಿ ಕಾಲೇಜುಗಳಲ್ಲಿ ಬಿಎ, ಬಿಕಾಂ, ಬಿಎಸ್‌ಸಿ ಓದುವವರು. ಮನೆಯಲ್ಲಿ ಪದವಿ ಮೆಟ್ಟಿಲು ಹತ್ತಿದವರಲ್ಲಿ ಇವರೇ ಮೊದಲಿಗರು. ಇವರ ಅಂಕಪಟ್ಟಿ, ಜಾತಿ-ಆದಾಯ ಪ್ರಮಾಣಪತ್ರ, ಅಪ್ಪನ ಪಹಣಿ, ಪಾಸ್‌ಬುಕ್ ಎಲ್ಲ ನನ್ನ ಮೇಜಿನ ಮೇಲೆ ಹಾದುಹೋಗುತ್ತವೆ. ಯಾರ ಮನೆ ಸ್ಥಿತಿ ಏನು, ಯಾರಿಗೆ ಹಣ ಬಂತು, ಯಾರಿಗೆ ಬರಲಿಲ್ಲ ಅನ್ನುವುದು ನನಗೆ ಗೊತ್ತಾಗುತ್ತದೆ.

ಸರ್ಕಾರ ಹಣ ಕೊಡುತ್ತಿಲ್ಲ ಅನ್ನುವುದು ನನ್ನ ದೂರಲ್ಲ. ಸಮಾಜ ಕಲ್ಯಾಣ, ಪರಿಶಿಷ್ಟ ವರ್ಗಗಳ ಕಲ್ಯಾಣ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರು, ಕೃಷಿ, ಕಾರ್ಮಿಕ, ಹೀಗೆ ಎಷ್ಟೋ ಇಲಾಖೆಗಳ ಹಣ ವಿದ್ಯಾರ್ಥಿಗಳಿಗೆ ಹೋಗುತ್ತದೆ. ಎಸ್‌ಎಸ್‌ಪಿ ಎಂಬ ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್ ಬಂದ ಮೇಲೆ ಇಲಾಖೆಗೊಂದು ಅರ್ಜಿ ಹಿಡಿದು ಅಲೆಯುವುದು ಕಡಿಮೆಯಾಗಿದೆ, ಮಧ್ಯದಲ್ಲಿ ತಿನ್ನುವವರ ಕೈ ತಪ್ಪಿದೆ. ಅದನ್ನು ಒಪ್ಪುತ್ತೇನೆ. ಆದರೆ ಹಣ ಯಾರ ಪಾಲಿಗೆ ಹೋಗುತ್ತಿದೆ ಎಂದು ನೋಡಿದರೆ, ದಾಖಲೆ ಸರಿ ಇದ್ದವರ ಪಾಲಿಗೆ. ನಮ್ಮ ಕಡೆ ಕಷ್ಟ ಜಾಸ್ತಿ ಇರುವ ಮನೆಯಲ್ಲೇ ದಾಖಲೆ ಕಡಿಮೆ. ಈ ಪತ್ರ ಬರೆಯುತ್ತಿರುವುದು ಅದೊಂದಕ್ಕೇ.

ರೈತ ವಿದ್ಯಾನಿಧಿಯನ್ನೇ ತೆಗೆದುಕೊಳ್ಳಿ. 2021ರಲ್ಲಿ ಈ ಯೋಜನೆ ಬಂದಾಗ ನಮ್ಮ ಕಡೆ ತುಂಬಾ ಜನ ಸಂತೋಷಪಟ್ಟರು. ಬಿಎ, ಬಿಕಾಂ, ಬಿಎಸ್‌ಸಿ ಓದುವ ಹುಡುಗನಿಗೆ ವರ್ಷಕ್ಕೆ 5,000, ಹುಡುಗಿಗೆ 5,500 ರೂಪಾಯಿ. ಜಾತಿ ಕೇಳುವುದಿಲ್ಲ. ರೈತರ ಮಗ ಅಥವಾ ಮಗಳು ಆಗಿದ್ದರೆ ಸಾಕು. ಆದರೆ ರೈತ ಅನ್ನುವುದಕ್ಕೆ ಸರ್ಕಾರ ಹಿಡಿದ ಗುರುತು, ರೈತರ ವಿವರ ದಾಖಲಿಸುವ ಫ್ರೂಟ್ಸ್ ತಂತ್ರಾಂಶದ ಎಫ್‌ಐಡಿ ನಂಬರ್. ಆ ನಂಬರ್ ಆಗಬೇಕಾದರೆ ಜಮೀನಿನ ಪಹಣಿ ಅಪ್ಪ ಅಥವಾ ಅಮ್ಮನ ಹೆಸರಲ್ಲಿರಬೇಕು.

ಮಲೆನಾಡಿನಲ್ಲಿ ಎಷ್ಟು ಜನ ಉಳುವವರ ಹೆಸರಲ್ಲಿ ಪಹಣಿ ಇದೆ ಎಂದು ಕಂದಾಯ ಇಲಾಖೆಗೆ ಚೆನ್ನಾಗಿ ಗೊತ್ತು. ನಮೂನೆ 50, ನಮೂನೆ 53, ಆಮೇಲೆ ನಮೂನೆ 57 ಎಂದು, ಉಳುತ್ತಿರುವ ಸರ್ಕಾರಿ ಜಮೀನನ್ನು ಸಕ್ರಮ ಮಾಡಿಕೊಡಿ ಎಂದು ಕೇಳುವ ಬಗರ್‌ಹುಕುಂ ಅರ್ಜಿ ಹಾಕಿ ಕಾಯುತ್ತಿರುವವರು ಪ್ರತಿ ಊರಲ್ಲಿದ್ದಾರೆ. ಅರಣ್ಯ ಹಕ್ಕು ಕಾಯ್ದೆ 2006ರಲ್ಲಿ ಬಂತು. ಅದರಡಿ ಅರ್ಜಿ ಕೊಟ್ಟ ಪರಿಶಿಷ್ಟ ಪಂಗಡದವರಲ್ಲದ ಕುಟುಂಬಗಳು ಮೂರು ತಲೆಮಾರಿನ, ಅಂದರೆ 75 ವರ್ಷದ ವಾಸದ ದಾಖಲೆ ಕೊಡಬೇಕು. ಅದು ಸಿಗದೆ ಅವರ ಅರ್ಜಿಗಳು ಹಾಗೇ ಕೂತಿವೆ. ಇನ್ನು ಶರಾವತಿ ಮುಳುಗಡೆಯವರ ವಿಷಯ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ನಾಡಿಗೆಲ್ಲ ಕರೆಂಟು ಕೊಡಲು ಮನೆ-ತೋಟ ಬಿಟ್ಟು ಎದ್ದು ಬಂದ ಕುಟುಂಬಗಳ ಮೊಮ್ಮಕ್ಕಳು ಈಗ ಪದವಿ ಕಾಲೇಜಿನಲ್ಲಿದ್ದಾರೆ. ಅವರಲ್ಲಿ ಎಷ್ಟೋ ಮನೆಯವರಿಗೆ ಉಳುತ್ತಿರುವ ನೆಲದ ಹಕ್ಕುಪತ್ರ ಇವತ್ತಿಗೂ ಇಲ್ಲ.

ಅಂಥ ಒಂದು ಮನೆಯ ಹುಡುಗಿಯ ಅರ್ಜಿಯ ವಿಷಯ ತಮಗೆ ಹೇಳಲೇಬೇಕು. ಬಿಎ ಎರಡನೇ ವರ್ಷ, ಹೊಸನಗರದ ಕಡೆಯವಳು. ಅಜ್ಜ ಮುಳುಗಡೆಯಿಂದ ಎದ್ದು ಬಂದವರು. ಅಪ್ಪ ಸ್ವಲ್ಪ ಗದ್ದೆ, ಗದ್ದೆಯ ಅಂಚಿನಲ್ಲಿ ಒಂದಷ್ಟು ಅಡಿಕೆ ಮಾಡಿಕೊಂಡಿದ್ದಾರೆ, ಉಳಿದ ದಿನ ಬೇರೆಯವರ ತೋಟಕ್ಕೆ ಕೂಲಿಗೆ ಹೋಗುತ್ತಾರೆ. ಪಹಣಿ ಇಲ್ಲ, ಹಾಗಾಗಿ ಎಫ್‌ಐಡಿ ಇಲ್ಲ. ಭೂಮಿ ಇಲ್ಲದ ಕೃಷಿ ಕಾರ್ಮಿಕರ ಮಕ್ಕಳಿಗೂ ಈ ಯೋಜನೆ ಆಮೇಲೆ ವಿಸ್ತರಣೆ ಆಯಿತಲ್ಲ, ಆ ಪ್ರಮಾಣಪತ್ರ ತನ್ನಿ ಎಂದು ನಾನೇ ಕಳಿಸಿದೆ. ಅಪ್ಪ ಹೋಗಿ ಕೇಳಿದರು. ಕಚೇರಿಯಲ್ಲಿ ಸಿಕ್ಕ ಉತ್ತರ: "ನೀವು ಜಮೀನು ಮಾಡ್ತಾ ಇದ್ದೀರಲ್ಲ, ಬಗರ್‌ಹುಕುಂ ಅರ್ಜಿನೂ ಹಾಕಿದ್ದೀರಿ, ಭೂಮಿ ಇಲ್ಲ ಅಂತ ಹೆಂಗೆ ಬರೆದುಕೊಡೋದು?" ಆ ಸಿಬ್ಬಂದಿಯ ಮೇಲೆ ನನಗೆ ಸಿಟ್ಟಿಲ್ಲ, ಅವರು ತಮ್ಮ ಮುಂದಿನ ನಿಯಮ ಓದಿದರು. ಆದರೆ ಫಲ ಏನಾಯಿತು ನೋಡಿ. ಒಂದು ಇಲಾಖೆಯ ಲೆಕ್ಕದಲ್ಲಿ ಆತ ರೈತ ಅಲ್ಲ. ಇನ್ನೊಂದರ ಲೆಕ್ಕದಲ್ಲಿ ಭೂಮಿ ಇಲ್ಲದವನೂ ಅಲ್ಲ. ಮಗಳಿಗೆ ಎರಡೂ ಕಡೆಯಿಂದ ಏನೂ ಬರಲಿಲ್ಲ.

ಅದೇ ದಿನಗಳಲ್ಲಿ, ಅದೇ ಕಂಪ್ಯೂಟರಿನಲ್ಲಿ, ದೊಡ್ಡ ಅಡಿಕೆ ತೋಟ ಇರುವ ಮನೆಯ ಹುಡುಗನ ಅರ್ಜಿಯೂ ಹೋಯಿತು. ಪಹಣಿ ಇತ್ತು, ಎಫ್‌ಐಡಿ ಇತ್ತು, ಹಣ ಅವನ ಖಾತೆಗೆ ಬಂತು. ಅವನಿಗೆ ಬಂದದ್ದು ತಪ್ಪು ಎಂದು ನಾನು ಹೇಳುವುದಿಲ್ಲ. ನಿಯಮದ ಪ್ರಕಾರವೇ ಬಂದಿದೆ. ಆ ನಿಯಮಕ್ಕೆ ಈ ಎರಡು ಮನೆಗಳ ವ್ಯತ್ಯಾಸ ಕಾಣುವುದೇ ಇಲ್ಲ ಅನ್ನುವುದು ನನ್ನ ತಕರಾರು.

ಪಹಣಿ ಇದ್ದೂ ಹೊರಗುಳಿಯುವವರು ಬೇರೆ ಇದ್ದಾರೆ. ಅಜ್ಜ ತೀರಿಕೊಂಡು ಎಷ್ಟೋ ವರ್ಷವಾದರೂ ಪೌತಿ ಖಾತೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವುದು, ಆಗಿರುವುದಿಲ್ಲ. ಅಣ್ಣ-ತಮ್ಮಂದಿರು ಬಾಯಿಮಾತಿನಲ್ಲಿ ಪಾಲು ಮಾಡಿಕೊಂಡು ಬೇರೆ ಬೇರೆ ಮನೆ ಕಟ್ಟಿರುತ್ತಾರೆ. ಪಹಣಿಯಲ್ಲಿ ಮಾತ್ರ ಇವತ್ತಿಗೂ ಅಜ್ಜನ ಹೆಸರು. ಮೊಮ್ಮಗಳು ನನ್ನ ಅಂಗಡಿಗೆ ಬಂದಾಗ ಅವಳ ಅಪ್ಪನ ಹೆಸರಲ್ಲಿ ಒಂದು ಗುಂಟೆಯೂ ಕಾಣುವುದಿಲ್ಲ.

ಇದು ಕಾಗೋಡು ಸತ್ಯಾಗ್ರಹದ ಜಿಲ್ಲೆ ಸ್ವಾಮಿ. 1951ರಲ್ಲಿ ಸಾಗರ ತಾಲ್ಲೂಕಿನ ಗೇಣಿದಾರರು ಗದ್ದೆಗಿಳಿದು ಜೈಲಿಗೆ ಹೋದದ್ದು ಉಳುವವನಿಗೇ ನೆಲ ಸಿಗಬೇಕು ಅನ್ನುವುದಕ್ಕೆ. ದೇವರಾಜ ಅರಸರ ಕಾಲದಲ್ಲಿ, 1974ರಲ್ಲಿ, ಭೂಸುಧಾರಣೆ ಕಾಯ್ದೆಗೆ ತಿದ್ದುಪಡಿ ಬಂದು ಸಾವಿರಾರು ಗೇಣಿದಾರರು ಹೊಲದೊಡೆಯರಾದರು. ಆಗ ಬಿಟ್ಟುಹೋದವರ ಮಕ್ಕಳು-ಮೊಮ್ಮಕ್ಕಳನ್ನು ಈಗ ಮತ್ತೊಮ್ಮೆ ಬಿಟ್ಟುಬಿಡುವುದು ಸರಿಯಲ್ಲ. ಇದು ಈ ಜಿಲ್ಲೆಯಲ್ಲೇ ನಡೆಯುತ್ತಿದೆ ಅನ್ನುವುದು ನನ್ನನ್ನು ತುಂಬಾ ಕಾಡುತ್ತದೆ.

ಎರಡನೆಯ ವಿಷಯ ಆದಾಯ ಮಿತಿ. ಹಿಂದುಳಿದ ವರ್ಗಗಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದಲ್ಲಿ 2ಎ, 3ಎ, 3ಬಿ ಪ್ರವರ್ಗದವರಿಗೆ ಕುಟುಂಬದ ವಾರ್ಷಿಕ ಆದಾಯ 1 ಲಕ್ಷ ದಾಟಬಾರದು ಎಂಬ ಮಿತಿ ವರ್ಷಗಟ್ಟಲೆ ನಡೆದುಕೊಂಡು ಬಂತು. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಕೇಂದ್ರದ ಯೋಜನೆಯಲ್ಲಿರುವ 2.5 ಲಕ್ಷದ ಮಿತಿಗೂ ಹತ್ತು ವರ್ಷ ದಾಟಿದೆ. ಇವನ್ನು ಕೂಲಿಯ ಪಕ್ಕ ಇಟ್ಟು ನೋಡೋಣ. 2013–14ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 174 ರೂಪಾಯಿ. ಒಬ್ಬ ಮನುಷ್ಯ ವರ್ಷಕ್ಕೆ 300 ದಿನ ಆ ದರದಲ್ಲಿ ದುಡಿದರೆ 52,200 ರೂಪಾಯಿ. 2025–26ರಲ್ಲಿ ಅದೇ ಕೂಲಿ 370 ರೂಪಾಯಿ. ಅದೇ 300 ದಿನಕ್ಕೆ 1,11,000. ಅಂದರೆ ಸರ್ಕಾರವೇ ಗೊತ್ತುಮಾಡಿದ ಕೂಲಿಯಲ್ಲಿ ಮನೆಯ ಒಬ್ಬರೇ ದುಡಿದರೂ 1 ಲಕ್ಷದ ಗೆರೆ ದಾಟುತ್ತದೆ. ಗಂಡ-ಹೆಂಡತಿ ಇಬ್ಬರೂ ದುಡಿದರೆ 2,22,000, ಆಗ 2.5 ಲಕ್ಷದ ಗೆರೆಯೂ ಹತ್ತಿರ ಬಂತು. ಇವರ ಬಡತನ ಕಡಿಮೆ ಆಗಿಲ್ಲ, ಅಕ್ಕಿ-ಎಣ್ಣೆಯ ದರ ಏರಿದಷ್ಟೇ ಕೂಲಿಯೂ ಏರಿದೆ. ಏರದೆ ನಿಲ್ಲುವುದು ಮಿತಿ ಮಾತ್ರ.

ಇದರಿಂದ ಇನ್ನೊಂದು ಕೆಟ್ಟದ್ದೂ ಆಗುತ್ತದೆ. ನಿಜ ಹೇಳಿದರೆ ಹಣ ಬರುವುದಿಲ್ಲ ಎಂದು ಜನ ಆದಾಯ ಕಡಿಮೆ ಬರೆಸಲು ಹೋಗುತ್ತಾರೆ. ಗುರುತು-ಪರಿಚಯ ಇದ್ದವರಿಗೆ ಅದು ಆಗುತ್ತದೆ, ಬಾಯಿ ಇಲ್ಲದವರಿಗೆ ಆಗುವುದಿಲ್ಲ. ಕೂಲಿ ಮಾಡುವವನ ಪತ್ರದಲ್ಲಿ ಜಾಸ್ತಿ ಆದಾಯ, ಅವನನ್ನು ಕೂಲಿಗೆ ಕರೆಯುವವನ ಪತ್ರದಲ್ಲಿ ಕಡಿಮೆ ಆದಾಯ ಇದ್ದದ್ದನ್ನು ನಾನೇ ಸ್ಕ್ಯಾನ್ ಮಾಡಿದ್ದೇನೆ.

ಆದಾಯ ಪ್ರಮಾಣಪತ್ರ ಒಮ್ಮೆ ಕೊಟ್ಟರೆ ಐದು ವರ್ಷ ನಡೆಯುತ್ತದೆ. ಪದೇ ಪದೇ ಅಲೆಯುವುದು ತಪ್ಪುವುದರಿಂದ ಇದು ಒಳ್ಳೆಯದೇ. ಆದರೆ ನಮ್ಮ ಕಡೆ ಐದು ವರ್ಷದಲ್ಲಿ ಏನೆಲ್ಲ ಆಗುತ್ತದೆ ಅಲ್ವಾ? ಎಲೆಚುಕ್ಕೆ ರೋಗ ಬಂದು ಹೊಸನಗರ, ತೀರ್ಥಹಳ್ಳಿ, ಕೊಪ್ಪ, ಶೃಂಗೇರಿಯ ತೋಟಗಳು ಒಣಗಿ ನಿಂತಿವೆ. ಮಳೆ ಜಾಸ್ತಿಯಾದ ವರ್ಷ ಕೊಳೆರೋಗಕ್ಕೆ ಕಾಯಿ ಉದುರಿ ನೆಲ ಸೇರುತ್ತದೆ. ಅರ್ಧ ಎಕರೆ, ಮುಕ್ಕಾಲು ಎಕರೆ ತೋಟದ ಮನೆಗೆ ಅದೇ ವರ್ಷದ ಎಲ್ಲ ಆದಾಯ. ಪ್ರಮಾಣಪತ್ರದಲ್ಲಿ ಮಾತ್ರ ಫಸಲು ಬಂದ ವರ್ಷದ ಅಂಕಿ ಕೂತಿರುತ್ತದೆ. ಹೊಸದು ಮಾಡಿಸಲು ಹೋದರೆ "ಅಡಿಕೆ ತೋಟ ಇದೆಯಲ್ಲ" ಅನ್ನುತ್ತಾರೆ. ಅಡಿಕೆ ಬೆಳೆಗಾರ ಅಂದರೆ ಸಾಹುಕಾರ ಅನ್ನುವ ಭಾವನೆ ಹೊರಗಿನವರಿಗೆ ಇರಬಹುದು. ಇಲ್ಲಿ ಅಡಿಕೆ ತೋಟ ಇದ್ದೂ ಮಗನ ಪರೀಕ್ಷೆ ಶುಲ್ಕಕ್ಕೆ ಸಾಲ ಮಾಡುವವರು ಇದ್ದಾರೆ.

ಇನ್ನು ಹಣ ಬರುವ ಹೊತ್ತು. ಪ್ರವೇಶ ಶುಲ್ಕ ಕಟ್ಟುವುದು ವರ್ಷದ ಶುರುವಿನಲ್ಲಿ. ಆಮೇಲೆ ಪುಸ್ತಕ, ಬಸ್ಸು, ರೂಮಿನ ಬಾಡಿಗೆ, ಪರೀಕ್ಷೆ ಶುಲ್ಕ. ಅರ್ಜಿ ಹಾಕಲು ಬಿಡುವುದು ತಡವಾಗಿ, ಪರಿಶೀಲನೆ ಇನ್ನೂ ತಡ, ಹಣ ಖಾತೆಗೆ ಬೀಳುವ ಹೊತ್ತಿಗೆ ವರ್ಷವೇ ಮುಗಿದಿರುತ್ತದೆ. ಮುಂದಿನ ತರಗತಿಗೆ ಹೋದ ಮೇಲೆ ಹಿಂದಿನ ವರ್ಷದ್ದು ಬಂದದ್ದೂ ಉಂಟು. ಉಳ್ಳವರ ಮಕ್ಕಳಿಗೆ ಇದರಿಂದ ತೊಂದರೆ ಇಲ್ಲ, ಅಪ್ಪ ಕಟ್ಟಿರುತ್ತಾರೆ, ಆಮೇಲೆ ಬಂದ ಹಣ ಸೇರಿಕೊಳ್ಳುತ್ತದೆ. ಇಲ್ಲದವರ ಮನೆಯಲ್ಲಿ ಆ ಹಣ ಸಂಘದ ಸಾಲದಿಂದ ಬರಬೇಕು. ತಾಯಿ ಸ್ವಸಹಾಯ ಸಂಘದಲ್ಲಿ ತೆಗೆದ ಸಾಲಕ್ಕೆ ವಾರ ವಾರ ಕಂತು ಕಟ್ಟುತ್ತಾಳೆ. ಸ್ಕಾಲರ್‌ಶಿಪ್ ಬರುವ ಹೊತ್ತಿಗೆ ಅದರಲ್ಲಿ ಒಂದು ಪಾಲು ಬಡ್ಡಿಗೇ ಹೋಗಿರುತ್ತದೆ. ಅಡಿಕೆ ಕೊಯ್ಲಿನ ಕಾಲದಲ್ಲಿ ಕಾಲೇಜು ಬಿಟ್ಟು ಬಂದ ಮೇಲೆ ರಾತ್ರಿ ಎಷ್ಟೋ ಹೊತ್ತಿನವರೆಗೆ ಡಬ್ಬದ ಲೆಕ್ಕದಲ್ಲಿ ಅಡಿಕೆ ಸುಲಿಯುವ ಹುಡುಗಿಯರಿದ್ದಾರೆ. ಬೆರಳು ಕಪ್ಪಾಗಿ, ಉಗುರಿನ ಸಂದಿಯಲ್ಲಿ ಚೊಗರು ಕೂತಿರುತ್ತದೆ. ಬಯೋಮೆಟ್ರಿಕ್ ಕೊಡಲು ಬಂದಾಗ ಆ ಬೆರಳನ್ನು ಯಂತ್ರ ತೆಗೆದುಕೊಳ್ಳುವುದಿಲ್ಲ. ಒರೆಸಿ, ತೊಳೆದು, ಮತ್ತೆ ಇಟ್ಟು, ಮತ್ತೆ ಇಟ್ಟು, ಆ ಮಕ್ಕಳು ನನ್ನ ಮುಂದೆ ನಾಚಿಕೊಳ್ಳುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ನಾಚಿಕೊಳ್ಳಬೇಕಾದವರು ಅವರಲ್ಲ.

ಪರಿಶಿಷ್ಟ ಜಾತಿ ವಿದ್ಯಾರ್ಥಿಗಳ ಕೇಂದ್ರ ಯೋಜನೆಯ ಮಾರ್ಗಸೂಚಿಯಲ್ಲಿ ಫ್ರೀಶಿಪ್ ಕಾರ್ಡ್ ಎಂಬ ವ್ಯವಸ್ಥೆ ಇದೆ. ಅರ್ಹ ವಿದ್ಯಾರ್ಥಿಯಿಂದ ಮುಂಗಡವಾಗಿ ಶುಲ್ಕ ಕಟ್ಟಿಸಿಕೊಳ್ಳದೆ ಪ್ರವೇಶ ಕೊಡಲಿ ಅನ್ನುವುದೇ ಅದರ ಉದ್ದೇಶ. ನನ್ನ ಅಂಗಡಿಗೆ ಬರುವ ಮಕ್ಕಳನ್ನು ಕೇಳಿದರೆ ಅಂಥದ್ದೊಂದು ಇದೆ ಎಂದೇ ಅವರಿಗೆ ಗೊತ್ತಿರುವುದಿಲ್ಲ. ಹೇಳುವವರು ಯಾರು? ಕಾಲೇಜಿನಲ್ಲಿ ಸ್ಕಾಲರ್‌ಶಿಪ್ ನೋಡಿಕೊಳ್ಳುವ ಕೆಲಸ ಯಾರೋ ಒಬ್ಬ ಉಪನ್ಯಾಸಕರ ತಲೆಗೆ ಕಟ್ಟಿರುತ್ತಾರೆ. ಪಾಠ, ಪರೀಕ್ಷೆ, ಯುಯುಸಿಎಂಎಸ್ ಎಂಬ ವಿಶ್ವವಿದ್ಯಾಲಯ-ಕಾಲೇಜು ಪೋರ್ಟಲಿನ ಕೆಲಸದ ನಡುವೆ ಅವರು ಇದನ್ನೂ ಮಾಡಬೇಕು. ಅವರನ್ನು ದೂರಿ ಪ್ರಯೋಜನವಿಲ್ಲ.

2024ರ ಜನವರಿ 12ರಂದು ಯುವನಿಧಿಗೆ ಚಾಲನೆ ಕೊಟ್ಟದ್ದು ನಮ್ಮ ಶಿವಮೊಗ್ಗದಲ್ಲೇ. ಪದವಿ ಮುಗಿಸಿ ಆರು ತಿಂಗಳಾದರೂ ಕೆಲಸ ಸಿಗದವರಿಗೆ ತಿಂಗಳಿಗೆ 3,000 ರೂಪಾಯಿ, ಎರಡು ವರ್ಷದವರೆಗೆ. ಒಳ್ಳೆಯ ಯೋಜನೆ. ನಮ್ಮ ಹುಡುಗರಿಗೆ ಉಪಯೋಗವಾಗಿದೆ, ಅದನ್ನು ನಿಲ್ಲಿಸಿ ಎಂದು ಖಂಡಿತ ಹೇಳುತ್ತಿಲ್ಲ. ಆದರೆ ಪಕ್ಕದಲ್ಲಿ ಇದನ್ನೂ ನೋಡಿ. ಹಾಸ್ಟೆಲ್ ಸೀಟು ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗೆ ಊಟ-ವಸತಿಗೆಂದು 2013–14ರಲ್ಲಿ ವಿದ್ಯಾಸಿರಿ ಬಂದಾಗ ಗೊತ್ತುಮಾಡಿದ್ದು ತಿಂಗಳಿಗೆ 1,500 ರೂಪಾಯಿ, ವರ್ಷಕ್ಕೆ ಹತ್ತು ತಿಂಗಳು. ಪರಿಶಿಷ್ಟ ಜಾತಿಯ ಬಿಎ ವಿದ್ಯಾರ್ಥಿ ಮನೆಯಿಂದಲೇ ಓಡಾಡಿ ಓದುತ್ತಿದ್ದರೆ ಕೇಂದ್ರದ ಯೋಜನೆಯಲ್ಲಿ ಶುಲ್ಕ ಬಿಟ್ಟು ಸಿಗುವ ಭತ್ಯೆ ವರ್ಷಕ್ಕೆ 3,000. ಕೆಲಸ ಸಿಗದ ಪದವೀಧರನಿಗೆ ಒಂದು ತಿಂಗಳಿಗೆ ಕೊಡುವಷ್ಟನ್ನು ಓದುತ್ತಿರುವ ಹುಡುಗನಿಗೆ ಒಂದು ವರ್ಷಕ್ಕೆ ಕೊಡುತ್ತಿದ್ದೇವೆ. ಯುವನಿಧಿ ಸಿಗಬೇಕಾದರೆ ಮೊದಲು ಪದವಿ ಮುಗಿಯಬೇಕಲ್ಲ? ಎರಡನೇ ವರ್ಷಕ್ಕೇ ಓದು ಬಿಟ್ಟು ಬೆಂಗಳೂರಿನ ಹೋಟೆಲ್ ಕೆಲಸಕ್ಕೆ ಹೋದವನಿಗೆ ಯಾವ ನಿಧಿಯೂ ಇಲ್ಲ.

ಬಸ್ಸಿನ ವಿಷಯ ಚಿಕ್ಕದು ಅನ್ನಿಸಬಹುದು, ಆದರೆ ಮಕ್ಕಳ ಕೈಯಿಂದ ದಿನಾ ಹೋಗುವ ದುಡ್ಡು ಅದೇ. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ. ಮಲೆನಾಡಿನ ಒಳದಾರಿಗಳಲ್ಲಿ ಓಡುವುದು ಬಹುಪಾಲು ಖಾಸಗಿ ಬಸ್ಸು. ಬೆಳಗ್ಗೆ ಕಾಲೇಜಿಗೆ ಸರಿಹೊತ್ತಿಗೆ ಬರುವುದು ಅದೊಂದೇ. ಮೈಸೂರು ಕಡೆಯ ಹುಡುಗಿ ದುಡ್ಡು ಕೊಡದೆ ಕಾಲೇಜಿಗೆ ಹೋಗುವಾಗ ನಮ್ಮ ಹುಡುಗಿ ಎರಡು ಹೊತ್ತೂ ಟಿಕೆಟ್ ತೆಗೆಯುತ್ತಾಳೆ. ಸರ್ಕಾರಿ ಬಸ್ಸಿನ ವಿದ್ಯಾರ್ಥಿ ಪಾಸೂ ಅಲ್ಲಿ ನಡೆಯುವುದಿಲ್ಲ.

ಪಿಯುಸಿಯಲ್ಲಿ ಒಳ್ಳೆಯ ಅಂಕ ತೆಗೆದ ಮಕ್ಕಳಿಗೆ ಕೇಂದ್ರ ಸರ್ಕಾರ ಪದವಿ ಓದುವಾಗ ವರ್ಷಕ್ಕೆ 12,000 ರೂಪಾಯಿ ಕೊಡುತ್ತದೆ. ಇಡೀ ದೇಶಕ್ಕೆ ವರ್ಷಕ್ಕೆ 82,000 ಹೊಸ ವಿದ್ಯಾರ್ಥಿವೇತನ. ಅದನ್ನು ವಿಜ್ಞಾನ, ವಾಣಿಜ್ಯ, ಕಲಾ ವಿಭಾಗಗಳಿಗೆ 3:2:1ರ ಲೆಕ್ಕದಲ್ಲಿ ಹಂಚುತ್ತಾರೆ. ಊರ ಹತ್ತಿರದ ಪಿಯು ಕಾಲೇಜಿನಲ್ಲಿ ವಿಜ್ಞಾನ ಇಲ್ಲದಿದ್ದರೆ ಮಕ್ಕಳು ಏನು ಮಾಡಬೇಕು? ಇದ್ದರೂ ಲ್ಯಾಬ್, ಟ್ಯೂಷನ್ ಖರ್ಚಿಗೆ ಹೆದರಿ ಬಡವರ ಮಕ್ಕಳು ಕಲಾ ವಿಭಾಗಕ್ಕೇ ಸೇರುತ್ತಾರೆ. ಹೆಚ್ಚು ಬಡವರಿರುವ ವಿಭಾಗಕ್ಕೇ ಎಲ್ಲಕ್ಕಿಂತ ಸಣ್ಣ ಪಾಲು. ಇದು ತಮ್ಮ ಕೈಯಲ್ಲಿಲ್ಲ, ಗೊತ್ತು. ಆದರೆ ರಾಜ್ಯದ ಪರವಾಗಿ ಕೇಂದ್ರಕ್ಕೆ ಒಂದು ಪತ್ರ ಬರೆಯಬಹುದು.

ಹಣ ಮಂಜೂರಾದ ಮೇಲೂ ಕಾಣೆಯಾಗುವುದುಂಟು. ಅಂಕಪಟ್ಟಿಯಲ್ಲಿ ಇನಿಷಿಯಲ್ ಹೆಸರಿನ ಮುಂದೆ, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು ಹಿಂದೆ, ಅಷ್ಟಕ್ಕೇ ಅರ್ಜಿ ನಿಲ್ಲುತ್ತದೆ. ಆಧಾರ್ ಜೋಡಿಸಿದ ಖಾತೆ ಒಂದಕ್ಕಿಂತ ಹೆಚ್ಚಿದ್ದರೆ ಕೊನೆಗೆ ಜೋಡಿಸಿದ್ದಕ್ಕೆ ಹಣ ಹೋಗುತ್ತದೆ. ಯಾವಾಗಲೋ ಯಾವುದೋ ಕೆಲಸಕ್ಕೆ ತೆರೆದು ಮರೆತ ಖಾತೆಯಲ್ಲಿ ಹಣ ಬಿದ್ದಿರುತ್ತದೆ, ಹುಡುಗ ಪಾಸ್‌ಬುಕ್ ಹಿಡಿದು ಬೇರೆ ಬ್ಯಾಂಕಿನಲ್ಲಿ ಹುಡುಕುತ್ತಿರುತ್ತಾನೆ. ಇನ್ನು ಒಟಿಪಿ. ಮೊಬೈಲ್ ಅಪ್ಪನ ಹತ್ತಿರ, ಅಪ್ಪ ತೋಟದಲ್ಲಿ, ತೋಟದಲ್ಲಿ ನೆಟ್‌ವರ್ಕ್ ಇಲ್ಲ. ಜುಲೈ-ಆಗಸ್ಟ್ ಮಳೆಯಲ್ಲಿ ಕರೆಂಟು ಹೋದರೆ ಟವರ್ ಕೂಡ ಹೋಗುತ್ತದೆ. ಅರ್ಧ ದಿನದ ಪಾಠ ಬಿಟ್ಟು, ಬಸ್ ಚಾರ್ಜ್ ಕೊಟ್ಟು ಬಂದ ಹುಡುಗಿ ಒಂದು ಒಟಿಪಿ ಬರದೆ ಸುಮ್ನೆ ವಾಪಸ್ ಹೋಗುತ್ತಾಳೆ.

ಹೀಗಾಗಿ ನಾನು ಕೇಳಿಕೊಳ್ಳುವುದು ಇಷ್ಟು.

ಮೊದಲನೆಯದು, ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು. ರೈತ ವಿದ್ಯಾನಿಧಿಯಂಥ ಯೋಜನೆಗೆ ಪಹಣಿ ಒಂದೇ ಆಧಾರ ಆಗಬಾರದು. ಬಗರ್‌ಹುಕುಂ ಅರ್ಜಿಯ ಸ್ವೀಕೃತಿ, ಅರಣ್ಯ ಹಕ್ಕು ಅರ್ಜಿಯ ಸ್ವೀಕೃತಿ, ಮುಳುಗಡೆ ಕುಟುಂಬ ಎಂಬ ದಾಖಲೆ, ಇವುಗಳಲ್ಲಿ ಯಾವುದಿದ್ದರೂ ಉಳುವವರ ಮಕ್ಕಳು ಎಂದು ಒಪ್ಪಿಕೊಳ್ಳಿ. ಇದರಿಂದ ಜಮೀನಿನ ಹಕ್ಕು ಯಾರಿಗೂ ಹೋಗುವುದಿಲ್ಲ. ಮಗುವಿಗೆ ವರ್ಷಕ್ಕೆ 5,000 ರೂಪಾಯಿ ಹೋಗುತ್ತದೆ, ಅಷ್ಟೇ. ಹಕ್ಕುಪತ್ರದ ತೀರ್ಮಾನಕ್ಕೆ ಇನ್ನೂ ಎಷ್ಟು ವರ್ಷ ಬೇಕೋ, ಪದವಿಗೆ ಇರುವುದು ಮೂರೇ ವರ್ಷ. ಪೌತಿ ಖಾತೆ ಆಗದ ಮನೆಗಳಿಗೆ ವಂಶವೃಕ್ಷ ಸಾಕು ಎಂದು ಮಾಡಿ. ರೈತ ಎಂದೂ, ಭೂಮಿ ಇಲ್ಲದವ ಎಂದೂ ಎರಡೂ ಪತ್ರ ಸಿಗದವರಿಗೆ ಕೃಷಿ ಮತ್ತು ಕಂದಾಯ ಇಲಾಖೆಗಳು ಕೂತು ಒಂದು ಸ್ಪಷ್ಟ ಆದೇಶ ಕೊಡಬೇಕು. ಆಗ ಕಚೇರಿಯ ಸಿಬ್ಬಂದಿಗೂ ಹೆದರಿಕೆ ಇರುವುದಿಲ್ಲ.

ಆದಾಯ ಮಿತಿಯನ್ನು ಎಷ್ಟಕ್ಕಾದರೂ ನಿಲ್ಲಿಸಿ, ಆದರೆ ಕೂಲಿ ದರಕ್ಕೆ ಜೋಡಿಸಿ. ಕೂಲಿ ಪರಿಷ್ಕರಣೆ ಆದ ವರ್ಷ ಮಿತಿಯೂ ತಾನಾಗಿ ಏರಲಿ. ಕನಿಷ್ಠ ಪಕ್ಷ ಇಬ್ಬರು ದುಡಿಯುವ ಕೂಲಿ ಕುಟುಂಬ ಯಾವ ಪ್ರವರ್ಗದ್ದಾಗಿದ್ದರೂ ಮಿತಿಯ ಒಳಗೇ ಇರಬೇಕು. ಬೆಳೆ ಹಾಳಾದ ವರ್ಷ ತೋಟಗಾರಿಕೆ ಇಲಾಖೆಯ ಹಾನಿ ವರದಿ ಇದ್ದರೆ ಆ ವರ್ಷಕ್ಕೆ ಹೊಸ ಆದಾಯ ಪ್ರಮಾಣಪತ್ರ ಕೊಡುವಂತಾಗಲಿ.

ಹಿಂದಿನ ವರ್ಷ ಮಂಜೂರಾದ ವಿದ್ಯಾರ್ಥಿ ಪಾಸಾಗಿ ಮುಂದಿನ ತರಗತಿಗೆ ಬಂದರೆ ಅವನ ಅರ್ಜಿಯನ್ನು ಮತ್ತೆ ಮೊದಲಿನಿಂದ ಯಾಕೆ ನೋಡಬೇಕು? ಪ್ರವೇಶದ ದಿನವೇ ಅವನ ಶುಲ್ಕದ ಪಾಲು ಕಾಲೇಜಿನ ಲೆಕ್ಕದಲ್ಲಿ ಬಾಕಿ ಎಂದು ಬರೆದುಕೊಂಡು ಸೇರಿಸಿಕೊಳ್ಳಲಿ. ಫ್ರೀಶಿಪ್ ಕಾರ್ಡಿನ ಉದ್ದೇಶವೂ ಅದೇ ಅಲ್ವಾ, ಅದನ್ನು ಎಲ್ಲ ಅರ್ಹ ಪ್ರವರ್ಗಗಳಿಗೂ ರಾಜ್ಯ ವಿಸ್ತರಿಸಬಹುದು. ನಿರ್ವಹಣೆಯ ಹಣದ ಮೊದಲ ಕಂತು ದಸರಾ ಒಳಗೆ ಬರಲಿ. ನಮ್ಮ ಮಕ್ಕಳು ಓದು ಬಿಡುವ ತೀರ್ಮಾನ ಮಾಡುವುದು ಹೆಚ್ಚಾಗಿ ಆ ಹೊತ್ತಿಗೇ. ಮಳೆ ನಿಂತು ಕೊಯ್ಲು ಶುರುವಾಗುತ್ತದೆ, ಕೂಲಿಗೆ ಜನ ಬೇಕಾಗುತ್ತದೆ, ಮನೆಯಲ್ಲಿ ಕರೆಯುತ್ತಾರೆ.

ಪ್ರತಿ ಸರ್ಕಾರಿ ಪದವಿ ಕಾಲೇಜಿನಲ್ಲಿ ಸ್ಕಾಲರ್‌ಶಿಪ್ ಕೆಲಸಕ್ಕೆಂದೇ ಒಬ್ಬರನ್ನು ನೇಮಿಸಿ. ಅರ್ಜಿ ಅಲ್ಲೇ, ಉಚಿತವಾಗಿ, ಕಾಲೇಜಿನ ಇಂಟರ್‌ನೆಟ್‌ನಲ್ಲಿ ಹೋಗಬೇಕು. ಈ ಕೆಲಸದಿಂದ ನನ್ನ ಅಂಗಡಿಗೆ ಸಂಪಾದನೆ ಇದೆ, ಮುಚ್ಚಿಡುವುದಿಲ್ಲ. ಆದರೂ ಹೇಳುತ್ತೇನೆ, ಸರ್ಕಾರದ ನೆರವು ಪಡೆಯಲು ಬಡ ಹುಡುಗಿ ನನ್ನಂಥವರಿಗೆ ದುಡ್ಡು ಕೊಡಬೇಕಾಗಿ ಬರಬಾರದು. ಒಟಿಪಿ ಬರದ ಕಡೆಯವರಿಗೆ ಕಾಲೇಜಿನ ಪ್ರಾಂಶುಪಾಲರ ದೃಢೀಕರಣದಿಂದ ಅರ್ಜಿ ಮುಂದೆ ಹೋಗುವ ದಾರಿ ಇರಲಿ. ಖಾಸಗಿ ಬಸ್ಸೊಂದೇ ಇರುವ ದಾರಿಯಲ್ಲಿ ಕಾಲೇಜಿಗೆ ಬರುವ ಮಕ್ಕಳಿಗೆ ಪಾಸಿನ ಬದಲು ಪ್ರಯಾಣ ಭತ್ಯೆ ಕೊಡಿ.

ಕೊನೆಯದಾಗಿ ಲೆಕ್ಕ. ಮಾಹಿತಿ ಹಕ್ಕು ಕಾಯ್ದೆ, 2005ರ 4ನೇ ಕಲಮಿನ ಪ್ರಕಾರ ನೆರವಿನ ಯೋಜನೆ ಹೇಗೆ ನಡೆಯುತ್ತಿದೆ, ಎಷ್ಟು ಹಣ ಹಂಚಿದೆ ಅನ್ನುವುದನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು. ಪ್ರತಿ ಕಾಲೇಜಿನ ಮಟ್ಟಿಗೆ ಎಷ್ಟು ಅರ್ಜಿ ಬಂತು, ಎಷ್ಟು ಮಂಜೂರಾಯಿತು, ಎಷ್ಟು ತಿರಸ್ಕಾರವಾಯಿತು, ಯಾವ ಕಾರಣಕ್ಕೆ, ಹಣ ಯಾವ ತಿಂಗಳಲ್ಲಿ ಹೋಯಿತು, ಇಷ್ಟನ್ನು ವರ್ಷಕ್ಕೊಮ್ಮೆ ಕಾಲೇಜಿನ ಸೂಚನಾ ಫಲಕದಲ್ಲಿ ಹಾಕಿ. ಮಕ್ಕಳ ಹೆಸರು ಬೇಡ, ಅಂಕಿ ಸಾಕು. ಪಹಣಿ ಇಲ್ಲ ಎಂಬ ಕಾರಣಕ್ಕೆ ಹೊಸನಗರದಲ್ಲಿ ಎಷ್ಟು ಮಕ್ಕಳು ಬಿಟ್ಟುಹೋದರು, ಸಾಗರದಲ್ಲಿ ಎಷ್ಟು ಎಂದು ಕಣ್ಣಿಗೆ ಕಂಡರೆ ಯಾವ ನಿಯಮ ಬದಲಿಸಬೇಕು ಎಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಮುಂದಿನ ಸಾಲಿನ ಅರ್ಜಿಗೆ ದಿನ ಗೊತ್ತುಮಾಡುವ ಮೊದಲು ಸಂಬಂಧಪಟ್ಟ ಇಲಾಖೆಗಳ ಅಧಿಕಾರಿಗಳನ್ನು ಹೊಸನಗರ, ಸಾಗರ ಅಥವಾ ತೀರ್ಥಹಳ್ಳಿಯ ಯಾವುದಾದರೂ ಸರ್ಕಾರಿ ಕಾಲೇಜಿಗೆ ಒಂದು ದಿನ ಕಳಿಸಿಕೊಡಿ. ತಿರಸ್ಕಾರವಾದ ಅರ್ಜಿಗಳ ಮಕ್ಕಳನ್ನು, ಅವರ ಅಪ್ಪ-ಅಮ್ಮನನ್ನು ಎದುರಿಗೆ ಕೂರಿಸಿಕೊಂಡು ಮಾತಾಡಿಸಲಿ. ಅವರ ದಾಖಲೆಗಳನ್ನು ಜೋಡಿಸಿ, ಪ್ರತಿ ತೆಗೆದು ತಯಾರಿಡುವ ಕೆಲಸ ನಾನು ಮಾಡಿಕೊಡುತ್ತೇನೆ. ಅದಕ್ಕೆ ಯಾರಿಂದಲೂ ಒಂದು ಪೈಸೆ ತೆಗೆದುಕೊಳ್ಳುವುದಿಲ್ಲ. ದಿನ ಯಾವುದು ಎಂದು ತಿಳಿಸಿ.

ಇಂತಿ ತಮ್ಮ ವಿಶ್ವಾಸಿ,
ತೀರ್ಥಹಳ್ಳಿಯ ಒಬ್ಬ ಜೆರಾಕ್ಸ್ ಅಂಗಡಿಯವ